ಈಗ ನಿಮ್ಮ ಸರದಿ

ಮೇಜಿನ ಕೆಳಗೆ ಬಗ್ಗಿ ವೈರು ಸಿಕ್ಕಿಸುತ್ತಲೇ ಅಕ್ಕ ಹೇಳಿದಳು, "ಮಧ್ಯಾಹ್ನದ ಹೊತ್ತಿಗೆ ಇಬ್ರೂ ನೊಣ ಹೊಡೀತಾ ಕೂತಿರ್ತೀವಿ, ನೋಡ್ತಿರು."

ತಂಗಿ ಪರದೆಯ ಧೂಳು ಒರೆಸುತ್ತಿದ್ದಳು. ಇಬ್ಬರೂ ಸೇರಿ ನಿದ್ದೆಗೆಟ್ಟು ಮಾಡಿದ ವಿಡಿಯೊ ಗೇಮ್ ಇವತ್ತು ಪ್ರದರ್ಶನದಲ್ಲಿ ಮೊದಲ ಸಲ ಜನರ ಕೈಗೆ ಬೀಳುವುದಿತ್ತು. ಕಥೆ, ಚಿತ್ರ ತಂಗಿಯದು. ಕೋಡ್ ಬರೆದದ್ದು ಅಕ್ಕ. ಜಗಳ ಮಾತ್ರ ಇಬ್ಬರದೂ. ಚಿಕ್ಕಂದಿನಲ್ಲಿ ತಾವು ಆಡಿದ ಹಳೆಯ ಜಪಾನಿ ಆಟಗಳಂತೆ ಇದರಲ್ಲೂ ಕಾಳಗ ಸರದಿಯ ಮೇಲೆ ನಡೆಯಬೇಕೆಂದು ತಂಗಿ ಹಟ ಹಿಡಿದಿದ್ದಳು. ಆಡುವವರು ಯೋಚಿಸಿ ಒಂದು ಪಟ್ಟು ಹಾಕುವವರೆಗೆ ರಾಕ್ಷಸ ಸುಮ್ಮನೆ ನಿಂತಿರಬೇಕು. ಈಗಿನವರಿಗೆ ಅಷ್ಟು ತಾಳ್ಮೆ ಎಲ್ಲಿದೆ, ಗುಂಡಿ ಒತ್ತಿದ ಕೂಡಲೇ ಕತ್ತಿ ಬೀಸಬೇಕು ಎಂಬುದು ಅಕ್ಕನ ವಾದ. ಮಾತು ಬಿಡುವ ಮಟ್ಟಕ್ಕೆ ಹೋಗಿ ಕೊನೆಗೊಂದು ರಾಜಿಯಾಗಿತ್ತು. ಇವತ್ತು ಜನ ಅರ್ಧಕ್ಕೇ ಎದ್ದು ಹೋದರೆ ಕಾಳಗವನ್ನೆಲ್ಲ ಕಿತ್ತು, ಅಕ್ಕ ಹೇಳಿದಂತೆ ಮತ್ತೆ ಕಟ್ಟುವುದು.

ಮೊದಲು ಬಂದ ಕಾಲೇಜು ಹುಡುಗಿಯರು ಒಂದಷ್ಟು ಹೊತ್ತು ಆಡಿ, ಚೆನ್ನಾಗಿದೆ ಎಂದು ದಾಕ್ಷಿಣ್ಯಕ್ಕೆ ಹೇಳಿ, ಎದುರಿನ ಮಳಿಗೆಯ ಕಾರ್ ರೇಸಿಗೆ ಹಾರಿದರು. ಅಕ್ಕ ಮೇಜಿನ ಮೇಲೆ ಇಲ್ಲದ ನೊಣವೊಂದನ್ನು ಹೊಡೆದಳು. ಅಷ್ಟೇ ತಂಗಿಗೆ ಚುಚ್ಚಿತು.

ಆಮೇಲೆ ಕಾಲು ನೋಯುತ್ತಿದ್ದ ಒಬ್ಬ ಹೆಂಗಸು ಖಾಲಿ ಕುರ್ಚಿ ಕಂಡು ಬಂದು ಕೂತರು. ಗಂಡ ಚೀಲ ಹಿಡಿದು ಹಿಂದೆ ನಿಂತರು. ತನಗೆ ಇದೆಲ್ಲ ಬರುವುದಿಲ್ಲ ಎನ್ನುತ್ತಲೇ ಆಕೆ ಗುಂಡಿ ಒತ್ತಿದರು. ಗುಹೆಯ ಬಾಗಿಲಲ್ಲೇ ಮೂರು ತಲೆಯ ರಾಕ್ಷಸ ಎದುರಾದ. ಅವನ ಏಟಿಗೆ ಆಕೆ ಆಡಿಸುತ್ತಿದ್ದ ವೀರರ ತಂಡದ ವೈದ್ಯೆ ಕುಸಿದು ಬಿದ್ದಳು.

"ಅಯ್ಯೋ, ಈಗೇನ್ ಮಾಡ್ಲಿ?" ಆಕೆ ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಎಳೆದುಕೊಂಡರು.

"ಅವಸರ ಏನಿಲ್ಲಮ್ಮ. ಅವನು ಕಾಯ್ತಾನೆ," ಎಂದಳು ತಂಗಿ.

ಗಂಡ ಕತ್ತಿ ಎತ್ತು ಎಂದರು. ಹಾದುಹೋಗುತ್ತಿದ್ದ ಒಬ್ಬಾಕೆ ನಿಂತು, ಮೊದಲು ಮದ್ದು ಕುಡಿಸಿ ಎಂದರು. ಪ್ರದರ್ಶನದ ಬಾಗಿಲು ಕಾಯುವವನು ಇಣುಕಿ ನೋಡಿ, ಓಡಿಹೋಗುವುದೇ ಜಾಣತನ ಎಂದು ತೀರ್ಪು ಕೊಟ್ಟ. ಗದ್ದಲ ಕೇಳಿ ಕಾಲೇಜು ಹುಡುಗಿಯರೂ ತಿರುಗಿ ಬಂದರು. ಕೂತವರು ಒಬ್ಬರು, ಆಡುವವರು ಊರೆಲ್ಲ.

ತಂಗಿ ಓರೆಗಣ್ಣಲ್ಲಿ ಅಕ್ಕನನ್ನು ಹುಡುಕಿದಳು. ಅವಳು ಆಗಲೇ ಗುಂಪು ಸೀಳಿಕೊಂಡು ಹೋಗಿ ಆ ಹೆಂಗಸಿನ ಹೆಗಲ ಬಳಿ ಬಗ್ಗಿದ್ದಳು.

"ಇವ್ರ್ ಮಾತೆಲ್ಲ ಕೇಳ್ಬೇಡಿ. ಮೊದ್ಲು ವೈದ್ಯೇನ ಎಬ್ಸಿ. ಅವಳಿದ್ರೆ ಉಳಿದೋರು ಬದುಕ್ತಾರೆ."

"ಮಧ್ಯೆ ನೀವ್ಯಾರಮ್ಮ?" ಎಂದರು ಗಂಡ.

"ಈ ಆಟ ಮಾಡಿದೋಳು," ಎಂದ ಅಕ್ಕ, ತಂಗಿಯ ಮುಖ ನೋಡಿ ತಿದ್ದಿಕೊಂಡಳು. "ಮಾಡಿದೋರು. ನಾವಿಬ್ರೂ."

ತಂಗಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಗಂಡನಿಗೂ ಬಾಗಿಲು ಕಾಯುವವನಿಗೂ ಹೊಸ ವಾದ ಹತ್ತಿಕೊಂಡಿತ್ತು. ಪರದೆಯ ಮೇಲೆ ರಾಕ್ಷಸ ಮೂರೂ ತಲೆಗಳನ್ನು ನಿಧಾನಕ್ಕೆ ತೂಗುತ್ತ, ಮನೆಯವರ ಮಾತು ಮುಗಿಯಲೆಂದು ಹೊಸ್ತಿಲಲ್ಲಿ ನಿಂತ ನೆಂಟನ ಹಾಗೆ ನಿಂತಿದ್ದ.