ಸ್ಫೂರ್ತಿಯ ತಂಗಿ

ವಲಯ ಮಟ್ಟದ ಕ್ರೀಡಾಕೂಟದಲ್ಲಿ, ಎಂಟುನೂರು ಮೀಟರ್ ಓಟದ ಕೊನೆಯ ತಿರುವಿನಲ್ಲಿ ಸ್ಫೂರ್ತಿ ಬಿದ್ದಳು. ಎಲ್ಲರಿಗಿಂತ ಮುಂದಿದ್ದಳು. ಎಡವಿರಬೇಕು, ಎದ್ದು ಓಡುತ್ತಾಳೆ ಎಂದುಕೊಂಡು ಅವಳ ಶಾಲೆಯ ಮಕ್ಕಳು ಹೆಸರು ಹಿಡಿದು ಕೂಗುತ್ತಲೇ ಇದ್ದರು. ದೈಹಿಕ ಶಿಕ್ಷಕಿ ದಾಕ್ಷಾಯಿಣಿ ಓಡಿಹೋಗಿ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಯಾರೋ ನೀರು ಚಿಮುಕಿಸಿದರು. ಯಾರೋ ಫಿಟ್ಸ್ ಇರಬೇಕೆಂದು ಹುಡುಗಿಯ ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ತುರುಕಿದರು, ಇನ್ನೊಬ್ಬರು ಅಂಗಾಲು ತಿಕ್ಕಿದರು. ಎದೆ ಒತ್ತಬೇಕೆಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಅವಳನ್ನು ಹೊತ್ತ ಜೀಪು ಶಿರಸಿಯ ಆಸ್ಪತ್ರೆ ಮುಟ್ಟಿದಾಗ ವೈದ್ಯರು ಮಾಡುವಂಥದ್ದೇನೂ ಉಳಿದಿರಲಿಲ್ಲ.

ಮಗಳ ಮೈ ಕೊಯ್ಯುವುದು ಬೇಡವೆಂದು ಅಪ್ಪ ಸಂಗಯ್ಯ ಎಲ್ಲರ ಕೈಕಾಲು ಹಿಡಿದ. ಹಾಗಾಗಿ, ಹೃದಯ ನಿಂತಿತು ಎಂಬುದರ ಆಚೆ ಯಾರಿಗೂ ಏನೂ ತಿಳಿಯಲಿಲ್ಲ. ಬನವಾಸಿ ಕಡೆಯ ತಮ್ಮ ಊರಿನ ಹೊಲದ ಬದುವಿನಲ್ಲಿ ಅವಳನ್ನು ಮಣ್ಣು ಮಾಡಿದರು.

ಆಮೇಲೆ ಶಾಲೆಯ ಮೈದಾನದಲ್ಲಿ ಹುಲ್ಲು ಬೆಳೆಯಿತು. ಹೆಡ್‌ಮಾಸ್ತರ ಮನೋಹರ ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟರು. ಶಾಲೆಗೆ ಕಪ್ ಬರಲೆಂಬ ಆಸೆಗೆ ದಾಕ್ಷಾಯಿಣಿ ಅಕ್ಕೋರು ಹುಡುಗಿಯನ್ನು ಓಡಿಸಿ ಕೊಂದರು ಎಂಬ ಮಾತು ಊರಲ್ಲಿ ಹಬ್ಬಿತು. ಸ್ಫೂರ್ತಿಯ ಅವ್ವ ಮುರಿಗೆವ್ವ ಬಸ್‌ ಸ್ಟ್ಯಾಂಡಿನಲ್ಲಿ ದಾಕ್ಷಾಯಿಣಿಯನ್ನು ಕಂಡರೆ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳು.

ದಾಕ್ಷಾಯಿಣಿಗೆ ನಿದ್ದೆ ಹತ್ತಲಿಲ್ಲ. ಒಂದು ಶನಿವಾರ ಅವಳು ಶಿರಸಿಗೆ ಹೋಗಿ, ಊರೂರಿಗೆ ವ್ಯಾನಿನಲ್ಲಿ ತಿರುಗಿ ತಪಾಸಣೆ ಮಾಡುವ ಸಣ್ಣ ಆರೋಗ್ಯ ಸಂಸ್ಥೆಯೊಂದರ ವೈದ್ಯೆ ಸೌಮ್ಯಳ ಎದುರು ಕೂತಳು.

"ನಾನು ಏನಾದರೂ ಗಮನಿಸಬೇಕಿತ್ತಾ ಡಾಕ್ಟರೇ?"

"ಯಾವತ್ತಾದರೂ ತಲೆ ಸುತ್ತಿ ಬಿದ್ದಿದ್ದಳಾ?"

ಒಮ್ಮೆ ಪ್ರಾರ್ಥನೆಗೆ ನಿಂತಾಗ ಬಿದ್ದಿದ್ದಳು. ತಿಂಡಿ ತಿಂದಿಲ್ಲ ಅಂದಿದ್ದಳು, ಎಲ್ಲರೂ ನಂಬಿದ್ದರು. ಸೌಮ್ಯ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ಒಂದಿದೆ. ಅದೇ ಅಂತ ಈಗ ಹೇಳೋಕೆ ಬರಲ್ಲ. ಅದೇ ಆಗಿದ್ದರೆ ಅದು ರಕ್ತದಲ್ಲಿ ಬರುವಂಥದ್ದು. ಅವಳಿಗೆ ಒಡಹುಟ್ಟಿದವರು ಇದ್ದಾರಾ?"

ತಂಗಿ ಶಿಲ್ಪಾ ಅದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಳು. ಅವಳೂ ಓಡುತ್ತಿದ್ದಳು.

ಮಕ್ಕಳನ್ನೆಲ್ಲ ತಪಾಸಣೆ ಮಾಡುವುದು, ಶಿಕ್ಷಕರಿಗೂ ಪಾಲಕರಿಗೂ ಎದೆ ಒತ್ತುವುದನ್ನು ಕಲಿಸುವುದು, ಆಮೇಲೆ ಮೈದಾನ ತೆರೆಯುವುದು ಎಂದು ಇಬ್ಬರೂ ಮಾತಾಡಿಕೊಂಡರು. ಮನೋಹರ ಮಾಸ್ತರರು ಮೊದಲು ಒಪ್ಪಲಿಲ್ಲ. "ಇನ್ನೊಂದು ಮಗುವಿಗೆ ಏನಾದರೂ ಇದೆ ಅಂತ ಗೊತ್ತಾದರೆ ಯಾರ್ರೀ ಜವಾಬ್ದಾರಿ?"

"ಗೊತ್ತಾಗದೇ ಇದ್ದರೆ ಯಾರು ಸರ್?" ಅಂದಳು ದಾಕ್ಷಾಯಿಣಿ. ಅವರು ಕನ್ನಡಕ ತೆಗೆದು ಒರೆಸಿದರು. ಕೊನೆಗೆ ಹೂಂ ಅಂದರು.

ಸಂಗಯ್ಯನ ಮನೆಗೆ ಅವಳು ಒಬ್ಬಳೇ ಹೋದಳು. ಒಳಗೆ ಕರೆಯಲಿಲ್ಲ. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದಳು.

"ಒಂದನ್ನ ಒಯ್ದ್ರಿ," ಅಂದಳು ಮುರಿಗೆವ್ವ. "ಇನ್ನೊಂದನ್ನೂ ಕೇಳಾಕ ಬಂದೀರೇನ್ರಿ ಅಕ್ಕೋರ?"

ಸಂಗಯ್ಯ ಎದ್ದು ಬಂದ. "ನಮ್ಮ ರಕ್ತದಾಗ ದೋಷ ಐತಿ ಅನ್ನಾಕ ಬಂದ್ರಿ? ಓಡಿಸಿದವರು ನೀವು. ನಡೀರಿ ಇಲ್ಲಿಂದ."

ತಪಾಸಣೆಯ ದಿನ ವ್ಯಾನು ಶಾಲೆಯ ಮುಂದೆ ನಿಂತಿತು. ಬೆಳಿಗ್ಗೆ ಬಂದವರು ಕಡಿಮೆ. ಊಟದ ಹೊತ್ತು ಕಳೆದ ಮೇಲೆ ಮುರಿಗೆವ್ವ ಶಿಲ್ಪಾಳ ರಟ್ಟೆ ಹಿಡಿದುಕೊಂಡು ಗೇಟು ದಾಟಿ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. "ಅವರಿಗೆ ಹೇಳಿಲ್ಲ," ಎಂದಷ್ಟೇ ಅಂದಳು.

ಇಸಿಜಿ ಯಂತ್ರದಿಂದ ಬಂದ ಕಾಗದವನ್ನು ಸೌಮ್ಯ ತುಂಬ ಹೊತ್ತು ನೋಡಿದಳು. ಶಿಲ್ಪಾಳ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಕೂರಿಸಿ ಕೇಳಿದಳು, ನಿಲ್ಲಿಸಿ ಕೇಳಿದಳು. ಮುರಿಗೆವ್ವ ವೈದ್ಯೆಯ ಮುಖವನ್ನೇ ನೋಡುತ್ತಿದ್ದಳು. ಯಾರೂ ಬಾಯಿ ಬಿಡುವ ಮೊದಲೇ ಅವಳು ನೆಲಕ್ಕೆ ಕುಸಿದು ಕೂತಳು.

ಆ ರಾತ್ರಿ ಮುರಿಗೆವ್ವ ಗಂಡನಿಗೆ ಎಲ್ಲ ಹೇಳಿದಳು; ಮೂವರೂ ಹುಬ್ಬಳ್ಳಿಗೆ ಹೋದರು, ಅಲ್ಲಿ ಸ್ಕ್ಯಾನ್ ಆಯಿತು. ಶಿಲ್ಪಾಳ ಹೃದಯದ ಗೋಡೆ ದಪ್ಪವಾಗಿತ್ತು. ಅಪ್ಪ ಅವ್ವನನ್ನೂ ನೋಡಬೇಕು ಅಂದರು ಅಲ್ಲಿಯವರು. ಮುರಿಗೆವ್ವನಿಗೆ ಏನೂ ಇರಲಿಲ್ಲ. ಸಂಗಯ್ಯನಿಗೆ ಇತ್ತು. ಚಿಕ್ಕಂದಿನಿಂದ ಹೊಲ ಉತ್ತವನು, ಭತ್ತದ ಚೀಲ ಹೊತ್ತವನು. ಒಂದು ದಿನವೂ ಎದೆ ನೋವೆಂದವನಲ್ಲ.

ಸಂಜೆಯ ಬಸ್ಸಿಗೆ ವಾಪಸು ಬಂದರು. ಮನೆಗೆ ಬಂದು ಕಟ್ಟೆಯ ಮೇಲೆ ಕೂತವನು ಏಳಲಿಲ್ಲ.

"ಊಟಕ್ಕ ಏಳ್ರಿ," ಅಂದಳು ಮುರಿಗೆವ್ವ.

"ನಾ ಕೊಟ್ಟಿದ್ದು ಅದು," ಅಂದ. "ಅಕ್ಕೋರ ಮ್ಯಾಲ ಬೆಟ್ಟು ಮಾಡಿ ತೋರಿಸ್ಕೋತ ಅಡ್ಡ್ಯಾಡಿದೆ."

"ನೀವೇನ ಬೇಕಂತ ಕೊಟ್ಟೀರೇನ್ರಿ?"

ಅವನು ಹೆಗಲ ಮೇಲಿನ ಟವೆಲ್ ಹಾಸಿ ಕಟ್ಟೆಯ ಮೇಲೆಯೇ ಮಲಗಿಬಿಟ್ಟ.

ಎದೆ ಒತ್ತುವುದನ್ನು ಕಲಿಸುವ ದಿನ ಸಂಗಯ್ಯ ಕರೆಯದೆಯೇ ಶಾಲೆಗೆ ಬಂದ. ಪ್ಲಾಸ್ಟಿಕ್ಕಿನ ಗೊಂಬೆಯನ್ನು ಚಾಪೆಯ ಮೇಲೆ ಮಲಗಿಸಿದ್ದರು. ಶಿಕ್ಷಕರೆಲ್ಲ ಒಬ್ಬೊಬ್ಬರಾಗಿ ಒತ್ತಿ ಎದ್ದ ಮೇಲೆ ಅವನು ಮೊಣಕಾಲೂರಿ ಕೂತ. ನರ್ಸ್ ತೋರಿಸಿದಂತೆ ಕೈ ಮೇಲೆ ಕೈ ಇಟ್ಟು ಒತ್ತತೊಡಗಿದ. ಚೆನ್ನಾಗಿಯೇ ಒತ್ತುತ್ತಿದ್ದ. ನರ್ಸ್ "ಸಾಕ್ರಿ ಯಜಮಾನ್ರೇ" ಅಂದಳು. ಅವನು ನಿಲ್ಲಿಸಲಿಲ್ಲ. ಬೆವರು ಗೊಂಬೆಯ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಸೌಮ್ಯ ಗಾಬರಿಯಾಗಿ, ನಿಮಗೆ ಇಷ್ಟು ದಣಿವು ಆಗಬಾರದು ಅಂದಳು. ದಾಕ್ಷಾಯಿಣಿ ಅವನ ಎರಡೂ ಕೈ ಹಿಡಿದಳು. ಆಗ ಅವನು ಗೊಂಬೆಯ ಮೇಲೆ ಬಾಗಿ ಅತ್ತ. ಮಣ್ಣಿಗಿಟ್ಟ ದಿನ ಅಳದವನು, ಮಕ್ಕಳೆಲ್ಲ ನೋಡುತ್ತಿದ್ದಂತೆ ಅತ್ತ.

ಮೈದಾನದ ಹುಲ್ಲು ಕಡಿಸಿದರು. ಆಟದ ಪಿರಿಯಡ್ ಮತ್ತೆ ಶುರುವಾಯಿತು. ಮೊದಮೊದಲು ಮಕ್ಕಳು ಓಡಲು ಹೆದರಿ ನಡೆಯುತ್ತಿದ್ದರು. ಸಂಸ್ಥೆಯವರು ಸಿದ್ದಾಪುರ, ಯಲ್ಲಾಪುರದ ಕೆಲವು ಶಾಲೆಗಳಿಗೂ ಹೋದರಂತೆ. ಒಳ್ಳೆಯ ಕೆಲಸ ಎಂದು ಮನೋಹರ ಮಾಸ್ತರರು ಸಭೆಯಲ್ಲಿ ಹೇಳಿದಾಗ ದಾಕ್ಷಾಯಿಣಿ ತಲೆ ತಗ್ಗಿಸಿ ಕೂತಿದ್ದಳು.

ಶಿಲ್ಪಾ ದಿನಾ ಮಾತ್ರೆ ನುಂಗುತ್ತಿದ್ದಳು. ಓಡುವ ಹಾಗಿಲ್ಲ; ಮೆಲ್ಲಗೆ ನಡೆಯಬಹುದು. ಅಪಾಯ ಕಡಿಮೆಯಾಗುತ್ತದೆ ಅಂದಿದ್ದರು ಹುಬ್ಬಳ್ಳಿಯಲ್ಲಿ. ಹೋಗುತ್ತದೆ ಅನ್ನಲಿಲ್ಲ. ಮುರಿಗೆವ್ವ ಬೆಳಗಿನ ಜಾವ ಎದ್ದು ಮಗಳ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಸಂಗಯ್ಯ ಹೊಲವನ್ನು ತಮ್ಮನಿಗೆ ಬಿಟ್ಟುಕೊಟ್ಟು ಕಟ್ಟೆ ಹಿಡಿದಿದ್ದ.

ಒಂದು ಮಧ್ಯಾಹ್ನ ಹುಡುಗಿಯರು ಕೊಕ್ಕೊ ಆಡುತ್ತಿದ್ದರು. ಶಿಲ್ಪಾ ದಾಕ್ಷಾಯಿಣಿಯ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದಳು.

"ಟೀಚರ್, ಬಿದ್ದಾಗ ಅಕ್ಕಗ ನೋವಾಗಿತ್ತೇನ್ರಿ?"

ದಾಕ್ಷಾಯಿಣಿಗೆ ಸುಳ್ಳು ಹೇಳುವುದು ಸುಲಭವಿತ್ತು.

"ಗೊತ್ತಿಲ್ಲ ಶಿಲ್ಪಾ. ನಾ ಮುಟ್ಟೋದ್ರಾಗ ಆಕಿಗೆ ಎಚ್ಚರ ಇರಲಿಲ್ಲ."

ಹುಡುಗಿ ತಲೆ ಆಡಿಸಿದಳು. ಹತ್ತಿರ ಸರಿದು, ಟೀಚರ್‌ನ ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಗಂಟೆ ಹೊಡೆಯುವವರೆಗೂ ಹಾಗೇ ಕೂತಿದ್ದಳು.