ಬರೀ ನೋಡೋದು ಸಾಕಾ

ಕ್ಯಾಮೆರಾದವನು ಮನೆಯೊಳಗೆ ಬಂದವನೇ ಮೊದಲು ನೋಡಿದ್ದು ಮೇಲಕ್ಕೆ. ಬೇರೆ ಯಾರಾದರೂ ಬಂದರೆ ಮನೆಯವರ ಮುಖ ನೋಡುತ್ತಾರೆ, ಇಲ್ಲವೇ ಕೂರಲು ಕುರ್ಚಿ ಹುಡುಕುತ್ತಾರೆ. ಇವನು ಗೋಡೆಯೂ ಸೂರೂ ಸೇರುವ ಮೂಲೆಗಳನ್ನೇ ನೋಡುತ್ತಾ ಬಂದು, ಅವಳ ಹೊಲಿಗೆ ಮಿಷನ್ನಿನ ನೆತ್ತಿಯ ಮೇಲಿದ್ದ ಮೂಲೆಗೆ ಬೆರಳು ತೋರಿಸಿದ.

"ಇಲ್ಲಿ ಹಾಕಿದ್ರೆ ಸರ್, ಇಡೀ ಹಾಲ್ ಕಣ್ಣಿಗೆ ಬೀಳುತ್ತೆ. ಬಾಗಿಲು, ಅಡುಗೆಮನೆ, ಈ ಮಿಷನ್ನು, ಎಲ್ಲಾ. ಇರುವೆ ಹೋದ್ರೂ ಗೊತ್ತಾಗುತ್ತೆ."

"ಇರುವೆ ಬೇಡಪ್ಪಾ, ಮನುಷ್ಯರು ಕಂಡ್ರೆ ಸಾಕು," ಎಂದು ಅವಳ ಗಂಡ ನಕ್ಕ.

ಬೀದಿಯ ಕೊನೆಯ ಮನೆಯಲ್ಲಿ ಸೈಕಲ್ ಕಳುವಾಗಿತ್ತು. ಗೇಟಿನ ಬಳಿ ಕಳೆದ ಸೈಕಲ್ಲಿಗೂ ಹಾಲಿನೊಳಗಿನ ಕ್ಯಾಮೆರಾಗೂ ಏನು ನಂಟು ಎಂದು ಅವಳು ಕೇಳಲಿಲ್ಲ. ಮಗಳು ಓದಲು ಹಾಸ್ಟೆಲ್ ಸೇರಿದ ಮೇಲೆ ಹಗಲೆಲ್ಲ ಮನೆಯಲ್ಲಿ ಅವಳೊಬ್ಬಳೇ. ಪ್ಯಾಂಟಿನ ತುದಿ ಮಡಿಸುವುದು, ಜಿಪ್ ಬದಲಾಯಿಸುವುದು, ಸೊಂಟ ಬಿಗಿ ಮಾಡುವುದು, ಇಂಥ ಸಣ್ಣಪುಟ್ಟ ಕೆಲಸಕ್ಕೆ ಜನ ಬಂದು ಹೋಗುತ್ತಿದ್ದರು. "ಯಾರ್ಯಾರೋ ಬರ್ತಾರೆ, ಕಾಲ ಸರಿ ಇಲ್ಲ," ಎಂದು ಗಂಡ ರಾಗ ಎಳೆಯುತ್ತಲೇ ಇದ್ದ. ಅವನು ದೊಡ್ಡದೊಂದು ಗೋದಾಮಿನಲ್ಲಿ ದಾಸ್ತಾನು ನೋಡಿಕೊಳ್ಳುವವನು. ಒಳಗೆ ಬಂದದ್ದಕ್ಕೂ ಹೊರಗೆ ಹೋದದ್ದಕ್ಕೂ ತಾಳೆಯಾಗದಿದ್ದರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಂಜೆ ಬಂದು ಅಂಗಿ ಕಳಚುತ್ತಿದ್ದ, ಚಪ್ಪಲಿ ಕಳಚುತ್ತಿದ್ದ. ಆ ಕಣ್ಣನ್ನು ಮಾತ್ರ ಕಳಚಿಡುತ್ತಿರಲಿಲ್ಲ.

"ಈಗ ಒಂದು ಹೇಳ್ಬಿಡಿ," ಎಂದ ಕ್ಯಾಮೆರಾದವನು. "ಬರೀ ನೋಡೋದು ಸಾಕಾ, ಇಟ್ಕೊಳ್ಳೋದೂ ಬೇಕಾ?"

"ಅಂದ್ರೆ?"

"ಕ್ಯಾಮೆರಾ ಒಂದೇ ಆದ್ರೆ, ನಿಮ್ಮ ಫೋನಲ್ಲಿ ಯಾವಾಗ ಬೇಕಾದ್ರೂ ಮನೆ ನೋಡ್ಬಹುದು. ಮಾತೂ ಕೇಳುತ್ತೆ. ಆದ್ರೆ ನೋಡಿದ್ದು ನೋಡಿದ ಹಾಗೇ ಹೋಯ್ತು, ಹಿಂದಕ್ಕೆ ಹೋಗೋಕಾಗಲ್ಲ. ರೆಕಾರ್ಡರ್ ಹಾಕಿದ್ರೆ ಹಗಲು ರಾತ್ರಿ ಎಲ್ಲಾ ಆ ಪೆಟ್ಟಿಗೇಲಿ ಕೂತಿರುತ್ತೆ. ಮುಂದಿನ ವಾರ ಬೇಕಾದ್ರೂ ತೆಗೆದು ನೋಡಿ. ಏನಾದ್ರೂ ಆದ್ರೆ ಸಾಕ್ಷಿಗಿರುತ್ತೆ. ಹಾಕಿಸ್ದೋರು ಕೆಲವರು ಸುಮ್ನೆ ಕೂತು ನೋಡ್ತಾರೆ ಸರ್, ಧಾರಾವಾಹಿ ಬಿಟ್ಟು!"

ಗಂಡ ಅವಳ ಕಡೆ ತಿರುಗಿದ. "ನೀನೇ ಹೇಳು. ಮನೇಲಿರೋಳು ನೀನು."

ಮಗಳಿಗೆ ಯಾವ ಕಾಲೇಜು, ಯಾವ ಬೀದಿಯಲ್ಲಿ ಬಾಡಿಗೆ ಮನೆ, ಗೋಡೆಗೆ ಯಾವ ಬಣ್ಣ, ಯಾವುದನ್ನೂ ಅವನು ಹೀಗೆ ಮೂರನೆಯವರ ಎದುರು ಅವಳನ್ನು ಕೇಳಿದ್ದಿಲ್ಲ. ಮುಖಕ್ಕೆ ರಕ್ತ ನುಗ್ಗಿ ಕಿವಿ ಬೆಚ್ಚಗಾಯಿತು. ಇಷ್ಟು ಚಿಕ್ಕದಕ್ಕೆ ಹಿಗ್ಗಿದೆನಲ್ಲ ಎಂದು ನಾಚಿಕೆಯೂ ಆಯಿತು.

ಕ್ಯಾಮೆರಾ ಬೇಕೋ ಬೇಡವೋ ಎಂದು ಯಾರೂ ಕೇಳಿಲ್ಲ ಎಂಬುದು ಅವಳಿಗೆ ಆಗ ಹೊಳೆಯಲೇ ಇಲ್ಲ.

ಅವಳು ಯೋಚಿಸಿದ್ದು ಅಮ್ಮನ ವಿಷಯ. ಅಮ್ಮ ಹೋಗಿ ವರ್ಷ ದಾಟಿತ್ತು. ಹೋದಾಗ ಬಂದವರಿಗೆಲ್ಲ ನೀರು ಕೊಡುವುದರಲ್ಲಿ, ಹಾಸಿಗೆ ಹೊಂದಿಸುವುದರಲ್ಲಿ ಅಳುವುದು ಹಾಗೇ ಉಳಿದುಹೋಗಿತ್ತು. ಆಮೇಲೊಂದು ಮಧ್ಯಾಹ್ನ ಯಾರದೋ ಪ್ಯಾಂಟಿನ ಜಿಪ್ ಬಿಚ್ಚುತ್ತಾ, "ನೋಡಮ್ಮಾ, ಯಾವ ಪುಣ್ಯಾತ್ಮ ಹೊಲಿದನೋ, ದಾರ ಎಲ್ಲಾ ಗಂಟು," ಎಂದು ಬಾಯಿ ತಪ್ಪಿ ಅಂದಿದ್ದಳು. ಅಂದ ಮೇಲೆ ಎದೆ ಹಗುರಾಗಿತ್ತು. ಅಲ್ಲಿಂದ ಅದೇ ರೂಢಿಯಾಯಿತು. ಮಿಷನ್ ತುಳಿಯುತ್ತಾ ಮಾತಾಡುವುದು. ಮೊದಮೊದಲು ದಾರ, ಗುಂಡಿ, ಬೆಲೆ ಏರಿದ ಸೂಜಿ. ಬರುಬರುತ್ತಾ ಬೇರೆಯದೂ. "ನಿನ್ನ ಅಳಿಯಂದಿರು ಇವತ್ತೂ ಊಟ ಮಾಡುವಾಗ ಬಾಯಿ ಬಿಡಲಿಲ್ಲ ಕಣಮ್ಮಾ. ತಟ್ಟೆ ತಳ್ಳಿ ಎದ್ರು. ನಾನೇನು ಮಾಡಿದೆ ಅಂತ ಹೇಳಿದ್ರೆ ತಿದ್ಕೋತಿದ್ದೆ." ಅಮ್ಮ ಬದುಕಿದ್ದಾಗ ಇಂಥದ್ದನ್ನೆಲ್ಲ ಹೇಳಿ ನೋಯಿಸಿರಲಿಲ್ಲ. ಸತ್ತವರಿಗೆ ಹೇಳಬಹುದು, ಅವರಿಗೆ ರಕ್ತದೊತ್ತಡ ಏರುವುದಿಲ್ಲ.

ಆ ಮಾತೆಲ್ಲ ಒಂದು ಪೆಟ್ಟಿಗೆಯಲ್ಲಿ ಕೂತಿರುವುದೆಂದರೆ! ಮುಂದಿನ ವಾರ ಯಾರೋ ತೆಗೆದು ಕೇಳುವುದೆಂದರೆ!

"ಬರೀ ನೋಡೋದು ಸಾಕು," ಎಂದಳು. "ಆ ಪೆಟ್ಟಿಗೆ, ವೈರು, ಗೋಡೆ ಕೊರೆಯೋದು, ಧೂಳು... ಯಾಕೆ ಸುಮ್ನೆ."

"ಸರಿ, ಅವಳು ಹೇಳಿದ ಹಾಗೇ ಆಗ್ಲಿ," ಎಂದು ಗಂಡ ಧಾರಾಳವಾಗಿ ಕೈ ಬೀಸಿದ.

ಅಕ್ಕ ಫೋನಿನಲ್ಲಿ ಕೇಳಿ ಬಿದ್ದು ಬಿದ್ದು ನಕ್ಕಳು. "ಸಿನಿಮಾದವಳಾಗಿಬಿಟ್ಟೆಯಲ್ಲೇ! ಇನ್ನು ದಿನಾ ತಲೆ ಬಾಚ್ಕೊ, ಆ ಹರಕಲು ನೈಟಿ ಬಿಸಾಕು. ನಿನ್ನ ಯಜಮಾನರಿಗೆ ಈ ವಯಸ್ಸಲ್ಲಿ ನಿನ್ನ ನೋಡೋ ಹುಚ್ಚು ಹತ್ತಿದೆ ಅಂದ್ರೆ ಅದೃಷ್ಟ ಕಣೇ."

ನೋಡುವ ಹುಚ್ಚೇನೋ ಹತ್ತಿತು. ಪೆಟ್ಟಿಗೆಯಲ್ಲಿ ಉಳಿಯದ್ದು ಅಲ್ಲಿಗೇ ಹೋಯಿತು ಎಂದಷ್ಟೇ ಅವಳು ಲೆಕ್ಕ ಹಾಕಿದ್ದಳು. ಆಮೇಲೆ ನೋಡಲು ಸಿಗುವುದಿಲ್ಲ ಎಂದಾದ ಮೇಲೆ ಮನುಷ್ಯ ಈಗಲೇ, ಬಿಡದೆ, ನೋಡುತ್ತಾ ಕೂರುತ್ತಾನೆ ಎಂಬುದು ಅವಳ ಲೆಕ್ಕದಲ್ಲಿ ಇರಲಿಲ್ಲ. ಗೋದಾಮಿನಲ್ಲಿ ಲಾರಿ ಬರುವ ಹೋಗುವ ನಡುವೆ, ಊಟದ ಡಬ್ಬಿ ಮುಂದಿಟ್ಟುಕೊಂಡು, ಅವನು ಫೋನ್ ತೆಗೆಯುತ್ತಿದ್ದ. ಕ್ಷಣದಲ್ಲಿ ಅವಳ ಫೋನ್ ಬಡಿದುಕೊಳ್ಳುತ್ತಿತ್ತು.

"ಯಾಕೆ ಸುಮ್ನೆ ಕೂತಿದ್ದೀಯ?"

"ಬಾಗಿಲು ಯಾಕೆ ತೆಗೆದಿದೆ?"

"ಎಲ್ಲಿ ಹೋಗಿದ್ದೆ? ಅಷ್ಟು ಹೊತ್ತು ಬಚ್ಚಲಲ್ಲಿ ಏನು ಕೆಲಸ?"

ಒಂದು ದಿನ ಮರೆತು ಅಮ್ಮನ ಜೊತೆ ಮಾತಿಗೆ ಕೂತಿದ್ದಳು. ಫೋನ್ ಬಂತು. "ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಮಾತು ಕೇಳಿಸ್ತು."

"ಅಳತೆ ಹೇಳ್ಕೊಳ್ತಿದ್ದೆ ರೀ. ಇಲ್ದಿದ್ರೆ ಮರೆತುಹೋಗುತ್ತೆ."

ಅಂದಿನಿಂದ ಅವಳು ತುಟಿ ಬಿಗಿದಳು. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ಒಂದೆರಡು ಸಲ ಪ್ರಯತ್ನಿಸಿದ್ದುಂಟು. ನೀರಿನ ಸದ್ದಿನಲ್ಲಿ ಅಮ್ಮ ಬರಲಿಲ್ಲ. ಮಿಷನ್ನಿನ ಎದುರು ಕೂತಾಗ ಮಾತ್ರ ಬರುತ್ತಿದ್ದವಳು ಅವಳು.

ಹೀಗಿರುವಾಗ ಪೋಸ್ಟ್‌ಮನ್ ಬಂದರು. ಆ ಬೀದಿಗೆ ಬಹಳ ಕಾಲ ಕಾಗದ ಹಂಚಿದವರು, ಈಗ ನಿವೃತ್ತರು. ಯಾವುದೋ ಕಾಯಿಲೆ ಹಿಂಡಿಬಿಟ್ಟಿತ್ತು; ಹಳೆಯ ಪ್ಯಾಂಟು ಮೈಮೇಲೆ ನಿಲ್ಲದೆ ಸೊಂಟಕ್ಕೆ ದಾರ ಬಿಗಿದುಕೊಂಡು ಮೆಟ್ಟಿಲು ಹತ್ತಿದರು.

"ನೋಡಮ್ಮಾ, ನನ್ನನ್ನ ಅರ್ಧ ಪಾರ್ಸಲ್ ಮಾಡಿ ವಾಪಸ್ ಕಳಿಸಿದೆ ಆಸ್ಪತ್ರೆ. ಉಳಿದರ್ಧ ಎಲ್ಲಿ ಹೋಯ್ತೋ ವಿಳಾಸ ಇಲ್ಲ."

ಅವಳು ಬಹಳ ದಿನದ ಮೇಲೆ ನಕ್ಕಳು. "ಕೈ ಎತ್ತಿ ಯಜಮಾನ್ರೇ," ಎಂದು ಅಳತೆಯ ಟೇಪನ್ನು ಅವರ ಬೆನ್ನ ಹಿಂದಿನಿಂದ ಸುತ್ತಿ ತಂದು ಮುಂದೆ ಕೂಡಿಸಿದಳು. ಸೊಂಟ ಎಷ್ಟೆಂದು ನೋಡಿದಳು, ಚೀಟಿಯಲ್ಲಿ ಬರೆದುಕೊಂಡಳು. ಅವರು ತಂದಿದ್ದ ಇನ್ನೊಂದು ಪ್ಯಾಂಟನ್ನು ಮೇಜಿನ ಮೇಲಿಟ್ಟು ಹೋದರು. ಅಷ್ಟೇ.

ಗೋದಾಮಿನ ತಗಡಿನ ಸೂರಿನಡಿ ಫೋನಿಗೆ ಸಿಗ್ನಲ್ ಅಷ್ಟಕ್ಕಷ್ಟೆ. ಅವನು ನೋಡುತ್ತಿದ್ದಂತೆ ಚಿತ್ರ ನಿಂತುಹೋಗಿತ್ತು. ನಿಂತದ್ದು ಅಂಥ ಕ್ಷಣದಲ್ಲಿ. ಅವನು ತಟ್ಟಿದ, ಅಲುಗಾಡಿಸಿದ, ಬಾಗಿಲಿಗೆ ಓಡಿದ, ಚಿತ್ರ ಕದಲಲಿಲ್ಲ. ಕೊನೆಗೆ ಆ ನಿಂತ ಚಿತ್ರವನ್ನೇ ಫೋಟೊ ಮಾಡಿ ಫೋನಿನಲ್ಲಿ ಹಿಡಿದಿಟ್ಟುಕೊಂಡು ಅರ್ಧ ದಿನಕ್ಕೇ ಮನೆಗೆ ಬಂದ.

ಫೋನನ್ನು ಅವಳ ಮುಂದೆ ಇಟ್ಟ. ಅವಳು ಬಗ್ಗಿ ನೋಡಿದಳು. ಮೇಲಿನಿಂದ ಕಾಣುವ ಒಂದು ಹೆಂಗಸಿನ ನೆತ್ತಿ. ಅವಳ ಎರಡು ತೋಳೂ ಒಬ್ಬ ಗಂಡಸಿನ ಸೊಂಟ ಬಳಸಿವೆ. ಅವನ ಕೈಗಳು ಗಾಳಿಯಲ್ಲಿವೆ. ಮುಖವನ್ನು ಅವಳು ಅವನ ಹೊಟ್ಟೆಗೆ ಒರಗಿಸಿದಂತಿದೆ. ದಿನವಿಡೀ ಹರಿದುಹೋದದ್ದರಲ್ಲಿ ಉಳಿದದ್ದು ಅದೊಂದೇ.

"ಪೋಸ್ಟ್‌ಮನ್ ಅವರು ರೀ. ಸೊಂಟ ಅಳತೆ ತಗೊಳ್ತಿದ್ದೆ."

"ಟೇಪ್ ಎಲ್ಲಿ?"

"ಅವರ ಹಿಂದೆ ಇದೆ. ಕಾಣ್ತಿಲ್ಲ ಅಷ್ಟೆ."

"ಆಮೇಲೆ?"

"ಆಮೇಲೇನು, ಬರ್ಕೊಂಡೆ, ಅವರು ಹೋದ್ರು."

"ಅದು ಇದರಲ್ಲಿ ಇಲ್ಲವಲ್ಲ."

ಅವಳು ಅವನ ಮುಖ ನೋಡಿದಳು. ಸಿಟ್ಟು ಇರಲಿಲ್ಲ. ಮೂಟೆ ಕಡಿಮೆ ಬಂದಾಗ ಲಾರಿಯವನನ್ನು ಕೇಳುವ ಮುಖ ಅದು.

"ಬೇಕಾದ್ರೆ ಅವರನ್ನೇ ಕೇಳಿ. ಪಾಪ, ನಿಲ್ಲೋಕೆ ತ್ರಾಣ ಇಲ್ಲ ಅವರಿಗೆ."

"ಊರೆಲ್ಲ ಕೇಳ್ಕೊಂಡು ಬರ್ಲಾ, ನನ್ನ ಹೆಂಡತಿ ಮನೇಲಿ ಏನು ಮಾಡ್ತಾಳೆ ಅಂತ?" ಫೋನನ್ನು ಜೇಬಿಗಿಳಿಸಿದ. "ಪೆಟ್ಟಿಗೆ ಬೇಡ ಅಂದವಳು ನೀನು. ನಾನು ಕೇಳಿದ್ದೆ, ಆ ಮನುಷ್ಯನ ಎದುರೇ ಕೇಳಿದ್ದೆ. ಯಾಕೆ ಬೇಡ ಅಂದೆ ಅಂತ ಈಗ ತಿಳೀತಿದೆ."

ಯಾಕೆ ಬೇಡವೆಂದೆ ಎಂಬುದನ್ನು ಹೇಳಿಬಿಡಬಹುದಿತ್ತು. ಬಾಯಿ ತೆರೆದಳು ಕೂಡ. ಅಮ್ಮನ ಜೊತೆ ಮಾತಾಡುತ್ತಿದ್ದೆ ಎಂದರೆ, ಏನು ಮಾತು ಎಂದು ಕೇಳುತ್ತಾನೆ. ಏನು ಮಾತು ಎಂದು ಹೇಳಿದರೆ ಅಲ್ಲಿಗೆ ಮುಗಿಯಿತು. ತೆರೆದ ಬಾಯನ್ನು ಮುಚ್ಚಿದಳು. ಆ ತೆರೆದದ್ದನ್ನೂ ಮುಚ್ಚಿದ್ದನ್ನೂ ಅವನು ನೋಡಿದ.

ಮುಂದೆ ಅವನು ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ನೀರು ಬೇಕಾದರೆ ತಾನೇ ಬಗ್ಗಿಸಿಕೊಳ್ಳುತ್ತಿದ್ದ. ಪೋಸ್ಟ್‌ಮನ್ ತಮ್ಮ ಪ್ಯಾಂಟಿಗೆ ಬಂದಾಗ ಅವಳು ಬಾಗಿಲು ತೆಗೆಯಲಿಲ್ಲ. ಹಾಲಿನ ನಡುವೆ, ಕ್ಯಾಮೆರಾದ ಕಣ್ಣಿನ ನೇರ ಕೆಳಗೆ ನಿಂತು, "ಗೇಟಿಗೆ ಸಿಕ್ಕಿಸಿದ್ದೀನಿ, ತಗೊಂಡು ಹೋಗಿ," ಎಂದು ಕೂಗಿದಳು. "ಹುಷಾರಿಲ್ವೇನಮ್ಮಾ?" ಎಂದು ಅವರು ಹೊರಗಿನಿಂದ ಕೇಳಿದರು. ಸ್ವಲ್ಪ ಹೊತ್ತು ಕಾದು, ಏನನ್ನೋ ಅರ್ಥ ಮಾಡಿಕೊಂಡವರಂತೆ ನಿಧಾನ ಇಳಿದು ಹೋದರು. ಗಂಡಸರ ಬಟ್ಟೆ ಹೊಲಿಯುವುದನ್ನು ಅವಳು ಅಲ್ಲಿಗೇ ನಿಲ್ಲಿಸಿದಳು.

ಅಕ್ಕ ಫೋನ್ ಮಾಡಿದಳು. ಈ ಸಲ ನಗಲಿಲ್ಲ.

"ನಿನ್ನ ಯಜಮಾನರು ಫೋನ್ ಮಾಡಿದ್ರು ಕಣೇ. ಬೇಜಾರು ಮಾಡ್ಕೊಂಡು ಮಾತಾಡಿದ್ರು. ಒಂದು ಫೋಟೊನೂ ಕಳಿಸಿದ್ದಾರೆ."

"ನೋಡಿದ್ಯಾ?"

"ನೋಡಿದೆ. ಏನೂ ಇಲ್ಲ ತಾನೆ?"

ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹೊದಿಕೆಯಡಿ ಮಲಗಿ ಬೆಳೆದ ಅಕ್ಕ ಕೇಳಿದ್ದು ಇದು. ಬೈದಿದ್ದರೆ ಅವಳು ಅತ್ತುಬಿಡುತ್ತಿದ್ದಳು. ಅದು ಬೈಗುಳವಾಗಿರಲಿಲ್ಲ, ಪ್ರಶ್ನೆಯಾಗಿತ್ತು.

"ಟೇಪ್ ಹಿಂದೆ ಇತ್ತು ಅಕ್ಕಾ," ಎಂದಳು.

"ಇತ್ತು ಕಣೇ, ನಾನು ನಂಬ್ತೀನಿ. ಆದ್ರೆ ನಂಬೋರು ಎಷ್ಟು ಜನ? ಆ ಪೆಟ್ಟಿಗೆ ಹಾಕಿಸ್ಕೊಂಡುಬಿಡು. ನಿನ್ನದೇನೂ ತಪ್ಪಿಲ್ಲ ಅಂದ್ಮೇಲೆ ನಿಂಗ್ಯಾಕೆ ಭಯ? ಆಡೋರ ಬಾಯಿ ಮುಚ್ಚಿಸೋಕಾದ್ರೂ ಆಗುತ್ತೆ."

ಫೋನಿಟ್ಟ ಮೇಲೆ ಅವಳು ಹಾಲಿನಲ್ಲೇ ನಿಂತಿದ್ದಳು. ಕೂತರೆ ಯಾಕೆ ಕೂತೆ ಎನ್ನಬಹುದು, ಒಳಗೆ ಹೋದರೆ ಎಲ್ಲಿ ಹೋದೆ ಎನ್ನಬಹುದು. ಯಾವ ಕೆಲಸಕ್ಕೆ ಕೈ ಹಾಕಿದರೂ, ಚಿತ್ರ ಇಲ್ಲೇ ನಿಂತುಬಿಟ್ಟರೆ ಹೇಗೆ ಕಾಣುತ್ತದೆ ಎಂದು ಮೊದಲು ನೋಡಿಕೊಳ್ಳುವುದು ಅಭ್ಯಾಸವಾಗಿತ್ತು. ನೆಲ ಒರೆಸುವಾಗ ಬಗ್ಗಿದರೂ ಅದೇ, ನೀರಿನ ಕ್ಯಾನ್ ತಂದವನಿಗೆ ಬಾಗಿಲು ತೆರೆದರೂ ಅದೇ. ಕೊನೆಗೆ ಕ್ಯಾಮೆರಾದವನ ನಂಬರಿದ್ದ ಚೀಟಿ ಹುಡುಕಿ ಅವಳೇ ಫೋನ್ ಮಾಡಿದಳು. ಗಂಡ ಹೇಳಿರಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ಅವನು ಪೆಟ್ಟಿಗೆ ಹೊತ್ತು ಬಂದು, ಗೋಡೆ ಕೊರೆದು, ವೈರು ಎಳೆದು, ಮಿಷನ್ನಿನ ಮೇಲೆಲ್ಲ ಬಿಳಿ ಪುಡಿ ಬೀಳಿಸಿದ. "ನಾನು ಅವತ್ತೇ ಹೇಳಿದ್ದೆ ಮೇಡಂ. ಎಲ್ರೂ ಆಮೇಲೆ ಹಾಕಿಸ್ತಾರೆ. ನೀವೇ ಫೋನ್ ಮಾಡಿದ್ದು ಮಾತ್ರ ಹೊಸದು. ಸಾಮಾನ್ಯವಾಗಿ ಸರ್‌ಗಳು ಮಾಡ್ತಾರೆ."

ಅವಳು ಮಿಷನ್ನಿನ ಮೇಲಿನ ಪುಡಿ ಒರೆಸಿದಳು.

"ಧ್ವನಿ ಬೇಕಾ, ಚಿತ್ರ ಮಾತ್ರ ಸಾಕಾ? ಧ್ವನಿ ಬಿಟ್ರೆ ಜಾಗ ಸ್ವಲ್ಪ ಉಳಿಯುತ್ತೆ."

ಧ್ವನಿ ಇಲ್ಲದಿದ್ದರೆ ಅಮ್ಮನ ಜೊತೆ ಮಾತಾಡಬಹುದು. ಆದರೆ ತುಟಿ ಅಲುಗಿದ್ದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಯಾರ ಜೊತೆ, ಏನು, ಎಂದು ಅವನು ಮತ್ತೆ ಕೇಳುತ್ತಾನೆ. ಆಗ ಏನನ್ನು ತೋರಿಸುವುದು?

"ಧ್ವನಿ ಇರಲಿ," ಎಂದಳು. "ಮಾತಾಡ್ಲಿಲ್ಲ ಅನ್ನೋದಕ್ಕೂ ಸಾಕ್ಷಿ ಬೇಕಲ್ಲ."

ಅವನು ತಮಾಷೆಯೆಂದುಕೊಂಡು ನಕ್ಕ. ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. "ಆಯ್ತು ಮೇಡಂ, ಇನ್ನು ನೀವು ಇದನ್ನ ಮರೆತುಬಿಡಿ. ತಾನಾಗೇ ಉಳಿಸ್ಕೊಳ್ತಾ ಹೋಗುತ್ತೆ. ತುಂಬಿದ ಮೇಲೆ ಹಳೇದು ತಾನಾಗೇ ಅಳಿಸ್ಕೊಂಡು ಹೊಸದಕ್ಕೆ ಜಾಗ ಮಾಡ್ಕೊಳ್ಳುತ್ತೆ."

"ಅಳಿಸುತ್ತಾ?"

"ಹೂಂ. ಒಂದು ತಿಂಗಳಾದ್ಮೇಲೆ."

"ಆಮೇಲೆ ಆ ದಿನದ್ದು ಬೇಕು ಅಂದ್ರೆ?"

"ಸಿಗಲ್ಲ. ಯಾರಿಗೆ ಬೇಕು ಬಿಡಿ ಮೇಡಂ ಅಷ್ಟು ಹಳೇದು? ಒಂದು ತಿಂಗಳ ಹಿಂದೆ ನೀವು ಏನು ಮಾಡ್ತಿದ್ರಿ ಅಂತ ಯಾರು ಬಂದು ಕೇಳ್ತಾರೆ?"

ಅವನು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿ, ಏಣಿ ಮಡಿಸಿ, ಹೊರಡಲು ಎದ್ದ. ಅವಳು ದಾರಿಗೆ ಅಡ್ಡ ನಿಂತಿದ್ದಳು. ಹಾಗೆ ನಿಂತದ್ದು ಹೇಗೆ ಕಾಣುತ್ತದೆಂದು ಹೊಳೆದು, ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದಳು.

"ಅಳಿಸದೇ ಇರೋದು ಇಲ್ವಾ?" ಎಂದು ಕೇಳಿದಳು. "ಇನ್ನೂ ದೊಡ್ಡದು ಇದ್ರೆ ಹೇಳಿ."