ಸಬೀನ ಹೆಣ್ಣಿನ ಭಯ

ಒರ್ಸೊಲಾಳ ಮುಖದಲ್ಲಿ ಭಯ ಮೂಡುತ್ತಿರಲಿಲ್ಲ. ಎಲ್ಲ ತಾಪತ್ರಯಕ್ಕೂ ಅದೇ ಮೂಲವಾಗಿತ್ತು.

ರೋಮ್ ಪಟ್ಟಣ ಕಟ್ಟಿದ ಹೊಸತರಲ್ಲಿ ಅಲ್ಲಿನ ಗಂಡಸರು ನೆರೆಯ ಸಬೀನ ಹೆಣ್ಣುಗಳನ್ನು ಹಬ್ಬಕ್ಕೆ ಕರೆದು ಹೊತ್ತೊಯ್ದ ಕಥೆ ಆ ಊರಿನ ಮಕ್ಕಳಿಗೂ ಗೊತ್ತು. ಚಿತ್ರಗಾರ ಅಸ್ಕಾನಿಯೊ ಅದನ್ನು ಹಿರಿಯ ಪಾದ್ರಿ, ಕಾರ್ಡಿನಲ್ ಒಬ್ಬರ ಅರಮನೆಗಾಗಿ ಗೋಡೆಯಗಲದ ಚಿತ್ರವಾಗಿ ಬರೆಯುತ್ತಿದ್ದ. ಚಿತ್ರದ ಸೈನಿಕನಾಗಿ ನಿಲ್ಲಲು ಟೈಬರ್ ನದಿಯ ದಡದಲ್ಲಿ ದ್ರಾಕ್ಷಾರಸದ ಪೀಪಾಯಿ ಹೊರುವ ನಿಕೋದೆಮೊ ಬಂದಿದ್ದ. ಅವನ ತೋಳಲ್ಲಿ ಒದ್ದಾಡುವ ಹೆಣ್ಣಾಗಿ, ಬಟ್ಟೆ ಒಗೆದು ಬದುಕುವ ವಿಧವೆ ಒರ್ಸೊಲಾ. ತೊಲೆಯಿಂದ ಇಳಿಬಿಟ್ಟ ಹಗ್ಗ ಅವಳ ಅರ್ಧ ಭಾರ ಹೊರುತ್ತಿತ್ತು. ಉಳಿದರ್ಧ ಅವನದು.

"ಲೋ, ಮೊಟ್ಟೆ ಬುಟ್ಟಿ ಹಿಡ್ಕೊಂಡಿದೀಯೇನೋ? ಕಿತ್ಕೊಂಡು ಹೋಗ್ತಿರೋನು ನೀನು!" ಅಸ್ಕಾನಿಯೊ ಕೂಗಿದ.

"ಬಿಗಿಯಾಗಿ ಹಿಡಿದ್ರೆ ಇವರಿಗೆ ನೋವಾಗುತ್ತೆ, ಯಜಮಾನ್ರೇ," ಎಂದ ನಿಕೋದೆಮೊ.

"ಆಗ್ಲಿ! ಅದಕ್ಕೇ ಅಲ್ವೇನೋ ಈ ಚಿತ್ರ!"

ತಗಡಿನ ಕವಚ ಅವಳ ಪಕ್ಕೆಗೆ ಒತ್ತದಿರಲೆಂದು ನಿಕೋದೆಮೊ, ಚಿತ್ರಗಾರನಿಗೆ ಕಾಣದ ಕಡೆ, ತನ್ನದೊಂದು ಅಂಗಿ ಮಡಿಸಿ ಇಟ್ಟಿದ್ದ. ಯಾರೂ ಹೇಳಿರಲಿಲ್ಲ. ಗಂಡ ಸತ್ತ ಮೇಲೆ ಒರ್ಸೊಲಾ ಎಷ್ಟೋ ಜನರ ಅಂಗಿ ಹಿಂಡಿದ್ದಳು. ಅವಳಿಗಾಗಿ ಒಬ್ಬರು ಅಂಗಿ ಮಡಿಸಿದ್ದು ಇದೇ ಮೊದಲು. ಕೈ ಮೇಲೆತ್ತಿ, ಬಾಯಿ ತೆರೆದು, ಮಾಡಬೇಕಾದ್ದನ್ನೆಲ್ಲ ಅವಳು ಮಾಡುತ್ತಿದ್ದಳು. ಆದರೆ ಆ ತೋಳಲ್ಲಿ ಮುಖ ತಾನಾಗಿ ಸಡಿಲಗೊಳ್ಳುತ್ತಿತ್ತು, ಚಳಿಯಲ್ಲಿ ಒಲೆಯ ಪಕ್ಕ ಕುಳಿತವಳಂತೆ.

ಅಸ್ಕಾನಿಯೊ ಕುಂಚ ಎಸೆದ. "ಏನಮ್ಮಾ ಒರ್ಸೊಲಾ, ನಿನ್ನ ಹೊತ್ಕೊಂಡು ಹೋಗ್ತಿದಾರೆ, ಜೋಲಿ ತೂಗ್ತಿಲ್ಲ! ನಾಳೆಯಿಂದ ನಿನ್ನ ಬದ್ಲು ಮೀನು ಮಾರೋ ಫುಲ್ವಿಯಾ ಬರ್ತಾಳೆ. ಇಲಿ ಕಂಡ್ರೂ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಾಳೆ ಅವಳು. ಇವತ್ತು ನಿನ್ನ ಕೈಯೊಂದು ಮುಗಿಸ್ತೀನಿ. ನಿಂತ್ಕೊಳ್ಳಿ ಇಬ್ರೂ."

ನಿಕೋದೆಮೊ ಅವಳನ್ನು ಮತ್ತೆ ಎತ್ತಿಕೊಂಡ.

ನಾಳೆ ಈ ಅಂಗಿಯ ಮಡಿಕೆ ಫುಲ್ವಿಯಾಳ ಪಕ್ಕೆಗೆ. ಎಂದಾದರೂ ನದಿಯ ಬಳಿ ಎದುರಾದರೆ ಇವನು ಟೋಪಿ ತೆಗೆದು ಮುಂದೆ ಹೋಗುತ್ತಾನೆ. ತಾನು ತಲೆ ಬಗ್ಗಿಸಿ ಬಟ್ಟೆ ಒಗೆಯುತ್ತಿರಬೇಕು. ಅಷ್ಟೇ. ನಲವತ್ತಕ್ಕೆ ಬಂದ ಹೆಂಗಸನ್ನು ಇನ್ನು ಯಾರು ಎತ್ತಿಕೊಳ್ಳುತ್ತಾರೆ? ಒರ್ಸೊಲಾಳ ಕಣ್ಣು ಅಗಲವಾಯಿತು. ಕೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಚಾಚಿತು.

"ಅದೇ!" ಅಸ್ಕಾನಿಯೊ ಚೀರಿದ. "ಅದೇ ಮುಖ! ಅಲ್ಲಾಡ್ಬೇಡ!"

ಅವಳ ಮುಖ ನಿಕೋದೆಮೊಗೆ ಕಾಣುತ್ತಿರಲಿಲ್ಲ. ಅವಳು ನಡುಗುತ್ತಿರುವುದು ಮಾತ್ರ ತಿಳಿಯಿತು. ಗಾಬರಿಯಾಗಿ ಮೊಣಕಾಲು ಬಗ್ಗಿಸಿದ. "ಏನಾಯ್ತ್ರೀ? ನೋವಾಯ್ತಾ? ಇಳಿಸ್ಲಾ?"

"ಇಳಿಸ್ಬೇಡಿ," ಎಂದಳು ಒರ್ಸೊಲಾ, ತುಟಿ ಅಲುಗದಂತೆ. "ಇನ್ನೂ ಸ್ವಲ್ಪ ಬಿಗಿಯಾಗಿ ಹಿಡ್ಕೊಳ್ಳಿ."